ಅಕ್ಕವ್ವನ ಪ್ರಾರ್ಥನೆ, ಲಾಲಬಿಯ ಕೋಳಿ

ಗಡಿಯ ಹಳ್ಳಿ ಕರಜಗಿಯಲ್ಲಿ ಕ್ರೈಸ್ತರ ಮನೆಗಳು ನಾಲ್ಕೇ ನಾಲ್ಕು. ಅವುಗಳಲ್ಲಿ ಅಕ್ಕವ್ವನ ಮನೆಯ ಪಡಸಾಲೆ ದೊಡ್ಡದಾದ್ದರಿಂದ ರವಿವಾರದ ಪ್ರಾರ್ಥನೆ ಅಲ್ಲೇ ನಡೆಯುತ್ತಿತ್ತು. ಅಕ್ಕವ್ವನ ಅಜ್ಜನ ಕಾಲಕ್ಕೇ ಮನೆತನ ಯೇಸುವನ್ನು ನಂಬಿತ್ತು, ಹೆಸರುಗಳು ಮಾತ್ರ ಊರಿನವೇ ಉಳಿದಿದ್ದವು. ಅವಳ ಗಂಡನ ಹೆಸರು ವಿಠೋಬ. ಮರಾಠಿ ಶಾಲೆಯಲ್ಲಿ ಶಿಪಾಯಿ. ಮಾತು ಕಡಿಮೆ, ಊಟ ಜಾಸ್ತಿ. ಅಕ್ಕವ್ವ ಅದಕ್ಕೆ ತದ್ವಿರುದ್ಧ. ಅವಳು ಪ್ರಾರ್ಥನೆಗೆ ಕೂತರೆ ಊರಿನ ರೋಗಿಗಳು, ಪರೀಕ್ಷೆಗೆ ಕೂತ ಮಕ್ಕಳು, ಮಳೆ, ತಹಸೀಲ್ದಾರರು, ಕೊನೆಗೆ ಎಸ್ಟಿ ಬಸ್ಸಿನ ಡ್ರೈವರನವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಅವಳು ಆಮೆನ್ ಅನ್ನುವ ಹೊತ್ತಿಗೆ ಒಲೆಯ ಮೇಲಿನ ಬೇಳೆ ಎರಡು ಸಲ ತಳ ಹಿಡಿದಿರುತ್ತಿತ್ತು.

ಪಕ್ಕದ ಮನೆ ಲಾಲಬಿಯದು. ಗಂಡ ಬಾಬಾಲಾಲ ಗಾದಿ ತುಂಬುವವನು. ಮಗ ಮುಜಮ್ಮಿಲ ಕರಜಗಿಯಿಂದ ಜತ್ತಿಗೆ ಮೂರು ಗಾಲಿಯ ಟಮ್‌ಟಮ್ ಓಡಿಸುತ್ತಿದ್ದ. ಆರು ತಿಂಗಳ ಹಿಂದೆ ಅವನಿಗೆ ಬೆಳುಂಕಿ ಊರಿನ ಫರೀನಳನ್ನು ಮದುವೆ ಮಾಡಿ ತಂದುಕೊಂಡಿದ್ದರು. ಎರಡು ಮನೆಗಳ ಹಿತ್ತಲಿನ ನಡುವೆ ಎದೆಮಟ್ಟದ ಗೋಡೆ. ಆ ಗೋಡೆಯ ಮೇಲಿಂದ ಮೂವತ್ತು ವರ್ಷ ಉಪ್ಪು, ಬೆಂಕಿ, ಸುದ್ದಿ ಎಲ್ಲ ಆ ಕಡೆ ಈ ಕಡೆ ಹೋಗಿ ಬಂದಿದ್ದವು.

ಲಾಲಬಿಗೆ ಒಂದು ಕೋಳಿ ಇತ್ತು. ಕಪ್ಪು ಬಿಳಿ ಚುಕ್ಕೆಯ, ಸೊಕ್ಕಿನ ನಡಿಗೆಯ ಕೋಳಿ. ಬೇಗಂ ಎಂದು ಅದರ ಹೆಸರು. ೧೯೯೮ರ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಬೇಗಂ ಗೋಡೆ ಹಾರಿ ಬಂದು ಅಕ್ಕವ್ವನ ಸಗಣಿ ಕುಳ್ಳಿನ ರಾಶಿಯ ಸಂದಿಯಲ್ಲಿ ಒಂದು ತತ್ತಿ ಇಟ್ಟು ಹೋಯಿತು.

ಒಲೆಗೆ ಕುಳ್ಳು ತೆಗೆಯಲು ಹೋದ ಅಕ್ಕವ್ವನ ಕೈಗೆ ಬೆಚ್ಚಗಿನ ತತ್ತಿ ಸಿಕ್ಕಿತು. ಹಿಂದಿನ ದಿನವಷ್ಟೇ ಅವಳು ಮೊಣಕಾಲು ನೋವಿಗೆ ಶಕ್ತಿ ಕೊಡಪ್ಪಾ ಎಂದು ಬೇಡಿಕೊಂಡಿದ್ದಳು.

"ಪ್ರಭು, ಇಷ್ಟ ಲಗೂನ ಕೇಳತೀ ಅಂತ ಗೊತ್ತಿರಲಿಲ್ಲ," ಎಂದು ಸ್ತೋತ್ರ ಹೇಳಿ, ಅನ್ನದ ಗಡಿಗೆಯಲ್ಲೇ ಬೇಯಿಸಿ ತಿಂದಳು. ಆವತ್ತು ಅದರಲ್ಲಿ ಕಪಟವೇನೂ ಇರಲಿಲ್ಲ.

ಮೂರನೆಯ ದಿನ ಬೇಗಂ ಕುಳ್ಳಿನ ಸಂದಿಯಿಂದ ಹೊರಬಂದು ಕೊಕ್ಕೊಕ್ಕೋ ಎಂದು ಊರಿಗೆಲ್ಲ ಸಾರುತ್ತ ಗೋಡೆ ಹಾರುವುದನ್ನು ಅಕ್ಕವ್ವ ಕಣ್ಣಾರೆ ಕಂಡಳು. ಅಲ್ಲಿಗೆ ದೇವರು ಕೊಟ್ಟ ತತ್ತಿ ಎನ್ನುವ ಮಾತು ಮುಗಿಯಿತು. ತತ್ತಿ ಕೈಯಲ್ಲಿ ಹಿಡಿದು ಗೋಡೆಯ ತನಕ ಹೋದಳು. ಲಾಲಬಿ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಕರೆದರೆ ಸಾಕಿತ್ತು. ಆದರೆ ಕರೆದರೆ ಹಿಂದಿನ ಎರಡು ತತ್ತಿಗಳ ಮಾತು ಬರುತ್ತದಲ್ಲ? ಅಕ್ಕವ್ವ ನಿಂತು ಯೋಚಿಸಿದಳು. ಕುಳ್ಳು ಯಾರದು? ನನ್ನದು. ಕೋಳಿ ತಿನ್ನುವುದು ಯಾರ ಅಂಗಳದ ಕಾಳು? ಅದೂ ನನ್ನದೇ. ಇಷ್ಟು ನ್ಯಾಯ ತೀರ್ಮಾನವಾಗುವಷ್ಟರಲ್ಲಿ ತತ್ತಿ ಸೆರಗಿನೊಳಗೆ ಹೋಗಿತ್ತು.

ಆವತ್ತು ದೀಪ ಹಚ್ಚಿದ ಮೇಲೆ ಮೊಣಕಾಲೂರಿ, "ತಪ್ಪಾತು ತಂದಿ, ಇನ್ನೊಮ್ಮೆ ಮಾಡಂಗಿಲ್ಲ," ಎಂದು ಅತ್ತಳು. ಅತ್ತ ಮೇಲೆ ಮನಸ್ಸು ಹಗುರಾಯಿತು, ಮತ್ತು ಅಲ್ಲೇ ಎಡವಟ್ಟಾಯಿತು. ಮನಸ್ಸು ಹಗುರಾಗುವ ದಾರಿ ಗೊತ್ತಾದ ಮೇಲೆ ಬೆಳಗಿನ ತತ್ತಿಗೆ ಧೈರ್ಯ ಬಂತು. ಸಂಜೆಗೆ ಕ್ಷಮೆ, ಬೆಳಗ್ಗೆ ತತ್ತಿ. ಹತ್ತು ದಿನದಲ್ಲಿ ಅಳು ನಿಂತಿತು. ಇಪ್ಪತ್ತು ದಿನದಲ್ಲಿ ಕ್ಷಮೆ ಕೇಳುವುದೂ ಮರೆತುಹೋಗಿ, ತಹಸೀಲ್ದಾರರ ಆರೋಗ್ಯದಿಂದ ನೇರವಾಗಿ ಆಮೆನ್‌ಗೆ ಬರತೊಡಗಿದಳು. ತತ್ತಿಯ ಸಿಪ್ಪೆ ಬಿಡಿಸುವಾಗ ಬಾಯಲ್ಲಿ ಸಣ್ಣಗೆ ಹಾಡೂ ಇರುತ್ತಿತ್ತು.

ಒಂದು ದಿನ ಲಾಲಬಿ ಗೋಡೆಗೆ ಮೊಣಕೈ ಊರಿ ನಿಂತಳು.

"ಅಕ್ಕವ್ವಾ, ಈ ಬೇಗಂ ತತ್ತಿ ಇಡೂದ ಬಿಟ್ಟಾಳವಾ. ಶುಕ್ರವಾರ ಕೊಯ್ದ ಬಿಡೂಣು ಅಂತಾರ ನಮ್ಮವರು."

"ಅಯ್ಯ, ಬ್ಯಾಡ ಬ್ಯಾಡ! ಬಾಯಿಲ್ಲದ ಜೀವ. ಮೈಯಾಗ ಏನ ಬ್ಯಾನಿ ಐತೋ ಏನೋ!"

"ಹಂಗಾರ ನೀನ ಒಂದ ದುವಾ ಮಾಡು. ನಿನ್ನ ಪ್ರಾರ್ಥನಿ ಭಾಳ ಜೋರ ಇರತೈತಿ. ಹ್ವಾದ ವರ್ಷ ನಮ್ಮವರ ಕೆಮ್ಮು ನಿಂತಿತ್ತಲ್ಲ?"

ಲಾಲಬಿ ಬೇಗಂಳನ್ನು ಹಿಡಿದು ಗೋಡೆಯ ಮೇಲೆ ಕೂರಿಸಿಯೇ ಬಿಟ್ಟಳು. ಅಕ್ಕವ್ವನ ಸೆರಗಿನ ಗಂಟಿನಲ್ಲಿ ಅದೇ ಕೋಳಿಯ ಆವತ್ತಿನ ತತ್ತಿ ಇನ್ನೂ ಬೆಚ್ಚಗಿತ್ತು. ಒಂದು ಕೈಯಿಂದ ಸೆರಗು ಒತ್ತಿ ಹಿಡಿದು, ಇನ್ನೊಂದನ್ನು ಕೋಳಿಯ ತಲೆಯ ಮೇಲಿಟ್ಟು, "ಪ್ರಭು, ಈ ಕೋಳಿ ಜೀವ ಉಳಸು," ಎಂದಳು. ತತ್ತಿ ಕೊಡು ಅನ್ನುವ ಮಾತು ಮಾತ್ರ ನಾಲಿಗೆಯ ಮೇಲೆ ಬರಲಿಲ್ಲ. ಬೇಗಂ ಒಂದೇ ಕಣ್ಣಿನಿಂದ ಅವಳನ್ನು ನೋಡುತ್ತಿತ್ತು. ಲಾಲಬಿ ಭಕ್ತಿಯಿಂದ ಕಣ್ಣು ಮುಚ್ಚಿದ್ದಳು.

ಎರಡು ವಾರಕ್ಕೊಮ್ಮೆ ಜತ್ತಿನಿಂದ ಲೂನಾ ಗಾಡಿಯ ಮೇಲೆ ಶಿದ್ರಾಯ ಪಾಸ್ಟರ್ ಬರುತ್ತಿದ್ದರು. ಆ ರವಿವಾರ ಅವರು ಪಾಪದಲ್ಲಿ ಮುಂದುವರಿಯುವವರ ಬಗ್ಗೆಯೇ ಮಾತಾಡಿದರು. "ಕಾಲಾಗ ಮುಳ್ಳ ಚುಚ್ಚಿದ ದಿನ ಜೀವ ಹೋದಂಗ ಆಗತೈತಿ. ಎಂಟ ದಿನ ಬಿಟ್ಟ ನೋವ ಇಲ್ಲ ಅಂದ್ರ ಮುಳ್ಳ ಹೋತು ಅಂತ ತಿಳೀಬ್ಯಾಡ್ರಿ. ಕಾಲ ಜೋಮ ಹಿಡದೈತಿ ಅಂತ ತಿಳೀರಿ. ದೇವರ ಕ್ಷಮಾ ದೊಡ್ಡದ ಐತಿ ಖರೆ. ಆದ್ರ ನಮಗ ಅದು ಬೇಕು ಅಂತ ಅನಸೂದ ನಿಂತ ಹೋದ್ರ, ಅಂವ ಬಾಗಲಾ ತಗದ ನಿಂತರೂ ನಾವ ಒಳಗ ಹೋಗಂಗಿಲ್ಲ."

ಅಕ್ಕವ್ವ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಗಂಡನ ಪಕ್ಕೆಗೆ ತಿವಿದು, "ಕೇಳಿದ್ರಿಲ್ಲೊ? ನಿಮ್ಮ ತಂಬಾಕಿನ ಸಲುವಾಗಿ ಹೇಳಿದ್ರು," ಅಂದಳು. ಅವಳಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ತತ್ತಿಯ ಸಿಪ್ಪೆಗಳನ್ನು ಅಕ್ಕವ್ವ ದಿನಾಲೂ ಕರಿಬೇವಿನ ಬುಡದಲ್ಲಿ ಹೂಳುತ್ತಿದ್ದಳು. ಒಂದು ದಿನ ವಿಠೋಬ ಶಾಲೆಯಿಂದ ಬೇಗ ಬಂದುಬಿಟ್ಟ. ಗಡಿಬಿಡಿಯಲ್ಲಿ ಅವಳು ಸಿಪ್ಪೆಯನ್ನು ಗೋಡೆಯಾಚೆ ಎಸೆದಳು. ಅದು ಲಾಲಬಿಯ ತಿಪ್ಪೆಗೆ ಬಿತ್ತು. ಮರುದಿನ ಬೂದಿ ಚೆಲ್ಲಲು ಹೋದ ಲಾಲಬಿ ಅದನ್ನು ಎತ್ತಿಕೊಂಡು ನೋಡಿದಳು. ಕಂದು ಬಣ್ಣದ ಸಣ್ಣ ಸಿಪ್ಪೆ. ಸಂದೇಹವೇ ಇಲ್ಲ, ಬೇಗಂಳದು.

ಮನೆಯಲ್ಲಿ ದಿನವಿಡೀ ಇರುವವರು ಇಬ್ಬರೇ: ತಾನು ಮತ್ತು ಸೊಸೆ. ತಾನು ತಿಂದಿಲ್ಲ.

ಲಾಲಬಿಯ ದನಿ ಓಣಿಯ ತುದಿಯವರೆಗೆ ಹೋಯಿತು. "ಕೇಳಿದ್ರ ಕೊಡತಿದ್ದಿಲ್ಲೇನ ನಾ? ಕದ್ದ ತಿನ್ನೂದ ಯಾಕ ಬೇಕಾಗಿತ್ತು?" ಫರೀನ ಬಾಗಿಲಲ್ಲಿ ನಿಂತು, "ಕಸಮ್ ರೀ ಅತ್ತಿ, ನಾ ಮುಟ್ಟಿಲ್ಲರಿ," ಅನ್ನುತ್ತಿದ್ದಳು. ಓಣಿಯ ಹೆಂಗಸರು ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನಿಂತಿದ್ದರು. ಲಾಲಬಿ ಗೋಡೆಯತ್ತ ತಿರುಗಿದಳು.

"ಅಕ್ಕವ್ವಾ, ನೀ ದೇವರ ಮನಷ್ಯಾಳು, ಸುಳ್ಳ ಆಡಂಗಿಲ್ಲ. ಇಕಿ ಕೋಳಿ ಬೆನ್ನ ಹತ್ತಿ ಹಿತ್ತಲಾಗ ಅಡ್ಡಾಡೂದ ನೋಡೀ ಇಲ್ಲೊ?"

ಎಲ್ಲರೂ ಅಕ್ಕವ್ವನ ಮುಖ ನೋಡಿದರು. ಇಲ್ಲ ಅನ್ನುವುದು ಎರಡೇ ಅಕ್ಷರದ ಮಾತು. ಆದರೆ ಇಲ್ಲ ಅಂದರೆ ಮತ್ತ್ಯಾರು ಎನ್ನುವ ಪ್ರಶ್ನೆ ಏಳುತ್ತದೆ.

"ಒಂದ ಸರ್ತಿ... ನೋಡಿದಂಗ ಆಗಿತ್ತವಾ," ಅಂದಳು ಅಕ್ಕವ್ವ.

ಫರೀನ ಅರಿವೆ ಒಣಗಹಾಕಲು ಹಿತ್ತಲಿಗೆ ಬಂದಿದ್ದು ನಿಜ, ಅದನ್ನು ನೋಡಿದ್ದೂ ನಿಜ. ಹೀಗೆ ಅಕ್ಕವ್ವ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಹುಡುಗಿ ಅವಳನ್ನು ನೋಡಿದ ನೋಟಕ್ಕೆ ಮಾತ್ರ ಸಮಾಧಾನ ಹೊಳೆಯಲಿಲ್ಲ. ಸಂಜೆಯ ಬಸ್ಸಿಗೆ ಫರೀನ ಬೆಳುಂಕಿಗೆ ಹೋದಳು. ತಡೆಯಲು ಹೋದ ಮುಜಮ್ಮಿಲನಿಗೆ ತಾಯಿ, "ಹೋಗಲಿ ಬಿಡು, ಬುದ್ಧಿ ಬಂದ ಮ್ಯಾಲ ಬರತಾಳ," ಅಂದಳು. ಅವನು ಅವತ್ತಿನಿಂದ ಮನೆಯಲ್ಲಿ ಮಾತು ಬಿಟ್ಟ.

ಹದಿನೈದು ದಿನ ಕಳೆದವು. ಫರೀನ ಇಲ್ಲ, ತತ್ತಿಯೂ ಇಲ್ಲ. ಬಾಬಾಲಾಲ ನಿಧಾನದ ಮನುಷ್ಯ. ಹತ್ತಿ ಬಿಡಿಸುವ ಹಾಗೆಯೇ ಮಾತನ್ನೂ ಬಿಡಿಸುತ್ತಿದ್ದ.

"ಹುಡಗಿ ಹೋಗಿ ಹದಿನೈದ ದಿನ ಆತು," ಎಂದ ಹೆಂಡತಿಗೆ. "ತತ್ತಿ ಈಗ್ಯಾರ ತಿನ್ನಾಕತ್ತಾರ? ಬೆಳುಂಕಿಯಿಂದ ಕೈ ಚಾಚಾಕತ್ತಾಳೇನ ಅಕಿ?"

ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದ ಅಕ್ಕವ್ವನಿಗೆ ಇದಕ್ಕೆ ಉತ್ತರ ಹೊಳೆಯಿತು. ಫರೀನಳ ನೋಟ ಅವಳನ್ನು ಅಷ್ಟಿಷ್ಟು ಚುಚ್ಚುತ್ತಲೇ ಇತ್ತು. ಈಗ ತತ್ತಿಯ ಮಾತು ಹೊರಬೀಳದೆ ಹುಡುಗಿಯನ್ನು ಉಳಿಸುವ ದಾರಿ ಕಂಡಿತು. "ಬಾಬಾಲಾಲಣ್ಣಾ, ಮುಂಗುಸಿ! ನಿನ್ನಿ ನಾ ಕಣ್ಣಾರೆ ನೋಡೀನಿ. ನನ್ನ ಕುಳ್ಳಿನ ಸಂದ್ಯಾಗ ಹೊಕ್ಕತು. ಇಷ್ಟುದ್ದ ಇತ್ತು!" ಎಂದು ಒದ್ದೆ ಸೀರೆಯನ್ನೇ ಚಾಚಿ ತೋರಿಸಿದಳು. ಒಂದು ಸುಳ್ಳಿನಿಂದ ಹೋದ ಮಾನವನ್ನು ಇನ್ನೊಂದು ಸುಳ್ಳಿನಿಂದ ತಂದುಕೊಟ್ಟೆ ಎಂದು ಅವಳಿಗೆ ಅವತ್ತು ಪುಣ್ಯ ಮಾಡಿದಷ್ಟು ಹಿತವಾಯಿತು. ಮುಂಗುಸಿ ಸಿಕ್ಕ ಮೇಲೆ ಸೊಸೆಯನ್ನು ಕರೆತರುವುದೆಂದು ಆ ಮನೆಯಲ್ಲಿ ಮಾತಾಯಿತು.

ಮುಂದಿನ ರವಿವಾರ ಪಾಸ್ಟರ್ ಬಂದರು. ಪ್ರಾರ್ಥನೆ ಮುಗಿದು ಜನ ಹೋದ ಮೇಲೆ ಅವರನ್ನೂ ವಿಠೋಬನನ್ನೂ ಊಟಕ್ಕೆ ಕೂರಿಸಿ, ಅಕ್ಕವ್ವ ಹಿತ್ತಲಿಗೆ ಓಡಿದಳು. ಕುಳ್ಳಿನ ಸಂದಿಯಲ್ಲಿ ಎರಡು ತತ್ತಿಗಳಿದ್ದವು! ದೇವರ ಸೇವಕರು ಬಂದ ದಿನ ಬೇಗಂಗೂ ಬುದ್ಧಿ ಬಂದಿದೆ ಎಂದುಕೊಂಡಳು. ಉಳ್ಳಾಗಡ್ಡಿ ಹೆಚ್ಚಿ, ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ಸರಿಯಾಗಿ ನೋಡದೆ ಎರಡನ್ನೂ ಒಡೆದು ಪಲ್ಯ ಮಾಡಿ ಬಿಸಿಬಿಸಿ ಬಡಿಸಿದಳು.

"ತತ್ತಿ ಎಲ್ಲಿಂದ ಬಂತು?" ಎಂದ ವಿಠೋಬ.

"ಸಂತಿಯಿಂದ ತಂದೀನಿ. ಸುಮ್ಮನ ಉಣ್ರಿ."

ಪಾಸ್ಟರ್ ಮೊದಲ ತುತ್ತಿಗೇ ಕೆಂಪಾದರು. ಎರಡನೆಯದಕ್ಕೆ ಮೂಗಿನಿಂದ ನೀರು ಬಂತು. ಒಳ್ಳೆಯ ಮನುಷ್ಯ, "ಪಲ್ಯ... ಚಲೋ... ಖಡಕ್ ಆಗೇತ್ರಿ ಅಕ್ಕವ್ವಾರ," ಎಂದು ತಾಟು ಖಾಲಿ ಮಾಡಿದರು. ವಿಠೋಬ ಅಳುತ್ತ ಎರಡನೆಯ ಸಲ ಬಡಿಸಿಕೊಂಡ.

ಆಗ ಹಿತ್ತಲ ಗೋಡೆಯ ಮೇಲೆ ಬಾಬಾಲಾಲನ ತಲೆ ಕಂಡಿತು.

"ಅಕ್ಕವ್ವಕ್ಕಾ, ಒಂದ ಮಾತ ಹೇಳೂದ ಮರತಿದ್ನಿ. ನಿನ್ನ ಕುಳ್ಳಿನ ಕಡೆ ಯಾರನ್ನೂ ಬಿಡಬ್ಯಾಡ. ಮುಂಗುಸಿ ಸಲುವಾಗಿ ನಮ್ಮಾಕಿ ಕಡೆ ಇಲಿ ಪಾಷಾಣ ತುಂಬಿಸಿದ ಜವಾರಿ ತತ್ತಿ ಒಂದ ಇಟ್ಟೀನಿ. ಬೆಳಿಗ್ಗೆ ನಿಮ್ಮ ಪ್ರಾರ್ಥನಿ ನಡದಿತ್ತು, ನಡಬರಕ ಹೆಂಗ ಕರೀಲಿ ಅಂತ ಸುಮ್ಮನಾದ್ನಿ. ತೂತಿಗೆ ಕಣಕ ಮೆತ್ಯಾಳ, ನೋಡಿದ್ರ ಗೊತ್ತಾಗತೈತಿ."

ಒಂದು ತತ್ತಿಯ ನೆತ್ತಿಯ ಮೇಲೆ ಬಿಳಿ ಕಲೆ ಇದ್ದದ್ದು ಅಕ್ಕವ್ವನ ಕಣ್ಣ ಮುಂದೆ ಬಂತು. ಹಿಕ್ಕೆ ಎಂದು ಉಗುರಿನಿಂದ ಕೆರೆದಿದ್ದಳು.

ಆ ಕ್ಷಣದಲ್ಲಿ ಅವಳ ಮನಸ್ಸಿನಲ್ಲಿ ಮೊದಲು ಬಂದದ್ದು ಗಂಡನಲ್ಲ, ಪಾಸ್ಟರರಲ್ಲ. ಸಿಪ್ಪೆ. ಒಲೆಯ ಪಕ್ಕ ಬಿದ್ದಿರುವ ಸಿಪ್ಪೆಯನ್ನು ಬಾಬಾಲಾಲ ನೋಡುವ ಮೊದಲು ಬೆಂಕಿಗೆ ಹಾಕಬೇಕು ಎಂದು ಕೈ ತಾನಾಗಿಯೇ ಚಾಚಿತು. ಚಾಚಿದ ತನ್ನ ಕೈಯನ್ನು ಅವಳು ನೋಡಿದಳು. ಇಬ್ಬರು ಮನುಷ್ಯರು ವಿಷ ತಿಂದು ಕೂತಿದ್ದಾರೆ, ಮತ್ತು ಈ ಕೈ ಸಿಪ್ಪೆ ಮುಚ್ಚಿಡಲು ಹೊರಟಿದೆ! ಇದು ಯಾರ ಕೈ? ಯಾವಾಗ ಹೀಗಾಯಿತು? ಜೀವನದಲ್ಲಿ ಅವಳು ಎಂದೂ ಅಷ್ಟು ಹೆದರಿರಲಿಲ್ಲ, ಪಾಷಾಣಕ್ಕಲ್ಲ, ತನಗೇ.

"ಬಾಬಾಲಾಲಣ್ಣಾ!" ಎಂದು ಚೀರಿದಳು. "ತತ್ತಿ ಇವರ ಹೊಟ್ಟ್ಯಾಗ ಐತಿ! ಗಾಡಿ ತರಸೋ!"

ಆಮೇಲಿನದು ಗದ್ದಲ. ಉಪ್ಪುನೀರು ಕುಡಿಸಿದರು. ವಿಠೋಬ ವಾಂತಿ ಮಾಡಲು ಒಪ್ಪಲೇ ಇಲ್ಲ, ಅವನ ಹೊಟ್ಟೆ ಒಳಗೆ ಹೋದದ್ದನ್ನು ಯಾವತ್ತೂ ವಾಪಸು ಕೊಟ್ಟಿರಲಿಲ್ಲ. ಮುಜಮ್ಮಿಲ ಟಮ್‌ಟಮ್ ತಂದು ನಿಲ್ಲಿಸಿದ. ಪಾಸ್ಟರ್, ವಿಠೋಬ, ಅಕ್ಕವ್ವ, ಬಾಬಾಲಾಲ ಹತ್ತಿದರು. ಗಾಡಿ ಜತ್ತಿನ ದಾರಿ ಹಿಡಿಯಿತು. ಪಾಸ್ಟರ್ ಹೊಟ್ಟೆ ಹಿಡಿದು, "ಉರಿಯಾಕತ್ತೈತಿ, ಪ್ರಭು," ಅನ್ನುತ್ತಿದ್ದರು.

"ಸಂತಿ ತತ್ತಿ ಅಂದಿದ್ಯಲ್ಲ?" ಎಂದ ವಿಠೋಬ, ಬಿಕ್ಕಳಿಸುತ್ತ.

ಅಕ್ಕವ್ವ ಬಾಯಿ ತೆಗೆದಳು. ತೆಗೆದದ್ದು ಮುಚ್ಚಲಿಲ್ಲ. ಕಾರ್ತಿಕದ ಮೊದಲ ತತ್ತಿಯಿಂದ ಹಿಡಿದು, ಕರಿಬೇವಿನ ಬುಡ, ಕೋಳಿಗೆ ಮಾಡಿದ ಪ್ರಾರ್ಥನೆ, ಇಲ್ಲದ ಮುಂಗುಸಿ, ಎಲ್ಲ ಹೇಳಿದಳು. "ಫರೀನ ಏನೂ ಮಾಡಿಲ್ಲರಿ. ಅಕಿ ಒಂದ ತತ್ತೀನೂ ಮುಟ್ಟಿಲ್ಲ. ನೋಡಿದಂಗ ಆಗಿತ್ತು ಅಂತ ನಾ ಸುಳ್ಳ ಹೇಳಿದ್ನಿ."

ಮುಜಮ್ಮಿಲ ಗಚ್ಚನೆ ಬ್ರೇಕ್ ಹಾಕಿದ. ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದರು. ಅವನು ತಿರುಗಿ ಅಕ್ಕವ್ವನನ್ನೇ ನೋಡಿದ. ಕಣ್ಣು ಕೆಂಡವಾಗಿದ್ದವು.

"ದೊಡ್ಡವ್ವಾ, ನಿನ್ನ ತೊಡಿ ಮ್ಯಾಲ ಆಡಿ ಬೆಳದೀನಿ ನಾ."

"ಹೌದಪ್ಪಾ."

"ಇಳಿ ನನ್ನ ಗಾಡಿ ಬಿಟ್ಟ."

ಅಕ್ಕವ್ವ ಇಳಿಯಲು ಎದ್ದಳು. ಪಾಸ್ಟರ್ ಅವಳ ಸೆರಗು ಹಿಡಿದರು. "ತಮ್ಮಾ, ನೀ ಅನ್ನೂದ ಬರೋಬ್ಬರಿ ಐತಿ. ಆದ್ರ ಮೊದಲ ದವಾಖಾನಿಗೆ ಹೊಡಿಯಪ್ಪಾ. ನಾವ ಸತ್ತ ಮ್ಯಾಲ ಈ ನ್ಯಾಯ ಯಾರ ಬಗಿಹರಸವರು?"

ಗಾಡಿ ಮತ್ತೆ ಹೊರಟಿತು. ಕುಣಿಕೋಣೂರ ಫಾಟಾದ ಕೂಡುರಸ್ತೆಯಲ್ಲಿ ಲಾಲಬಿ ಕೈ ಮಾಡಿ ನಿಲ್ಲಿಸಿದಳು. ಅಲ್ಲಿ ಸಂಬಂಧಿಕರ ಮನೆಯ ಹೆಸರಿಡುವ ಕಾರ್ಯಕ್ಕೆ ಹೋಗಿದ್ದವಳು ಊರಿಗೆ ಹೊರಟಿದ್ದಳು. ಬಾಬಾಲಾಲ ಒಂದೇ ಉಸಿರಿನಲ್ಲಿ ಹೇಳಿದ: "ಪಾಷಾಣದ ತತ್ತಿ ಇವರು ತಿಂದ ಬಿಟ್ಟಾರ!"

"ಯಾವ ಪಾಷಾಣ?" ಎಂದಳು ಲಾಲಬಿ. "ಪಾಷಾಣ ಗ್ವಾಡಿ ಮಾಡದಾಗ ಹಂಗ ಐತಿ. ತತ್ತ್ಯಾಗ ನಾ ಬ್ಯಾಡಗಿ ಖಾರಪುಡಿ, ಲವಂಗಿ ಮೆಣಸಿನಕಾಯಿ ತುಂಬೀನಿ. ನನ್ನ ಬೇಗಂ ಕುಕ್ಕಿ ಸತ್ತ ಗಿತ್ತಾಳು ಅಂತ ಅಂಜಿ. ಮುಂಗುಸಿ ಬಾಯಿ ಸುಟ್ಕೊಂಡ್ರ ಸಾಕಲ್ಲ, ಜೀವ ಯಾಕ ತಗೀಬೇಕು?"

ವಿಠೋಬ ಒಮ್ಮೆ ಬಿಕ್ಕಳಿಸಿದ. ಆಮೇಲೆ ಪಾಸ್ಟರ್ ನಗತೊಡಗಿದರು. ನಕ್ಕರೆ ಹೊಟ್ಟೆ ಉರಿಯುತ್ತಿತ್ತು, ಉರಿದರೆ ಇನ್ನಷ್ಟು ನಗು ಬರುತ್ತಿತ್ತು.

"ಅದೆಲ್ಲಾ ಇರಲಿ," ಎಂದಳು ಲಾಲಬಿ. "ಕುಳ್ಳಿನ್ಯಾಗಿನ ತತ್ತಿ ಇವರ ತಾಟಿಗೆ ಹೆಂಗ ಬಂತು?"

ಅಕ್ಕವ್ವ ಇಳಿದು ನಿಂತು, ಎರಡನೆಯ ಸಲ ಎಲ್ಲ ಹೇಳಿದಳು. ಈಗ ಯಾರೂ ಸಾಯುವವರಿರಲಿಲ್ಲ. ಹೆದರಿಕೆಯ ನೂಕು ಇಲ್ಲದೆ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಕೇಳುತ್ತ ಕೇಳುತ್ತ ಲಾಲಬಿಯ ಮುಖ ಬೂದಿಯಾಯಿತು. ಬೈಯಲು ಬಾಯಿ ತೆಗೆದವಳು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದು ಕೂತಳು.

"ಯಾ ಅಲ್ಲಾ, ಆ ಕೂಸಿಗೆ ನಾ ಎಂಥೆಂಥಾ ಮಾತ ಅಂದ್ನಿ."

ಪಾಸ್ಟರ್ ನೀರು ಕುಡಿದು ಸುಧಾರಿಸಿಕೊಂಡು ಅಕ್ಕವ್ವನನ್ನು ಕರೆದರು. "ಅಕ್ಕವ್ವಾರ, ಪ್ರಭು ಕ್ಷಮಾ ಮಾಡತಾನ, ಅದರಾಗ ಸಂಶೇ ಬ್ಯಾಡ. ಆದ್ರ ಇವತ್ತ ನಿಮ್ಮ ಬಾಯಿ ಬಿಡಿಸಿದ್ದು ಅಂಜಿಕಿ. ಅದು ಸಂಜಿ ಅನ್ನೂದ್ರಾಗ ಇಳದ ಹೋಗತೈತಿ. ನೀವು ಖರೇನ ತಿರಗೀರೊ ಇಲ್ಲೊ ಅನ್ನೂದು ನಾಳೆ ಬೆಳುಂಕಿಗೆ ಹೋದ ಮ್ಯಾಲ ಗೊತ್ತಾಗತೈತಿ."

ಮರುದಿನ ಮುಜಮ್ಮಿಲ ಗಾಡಿ ಕೊಡಲಿಲ್ಲ. ಇಬ್ಬರು ಹೆಂಗಸರೂ ಎಸ್ಟಿಯಲ್ಲಿ ಹೋದರು. ಇಬ್ಬರು ಕೂರುವ ಒಂದೇ ಸೀಟು ಖಾಲಿ ಇತ್ತು. ದಾರಿಯುದ್ದಕ್ಕೂ ಲಾಲಬಿ ಕಿಟಕಿಯತ್ತ, ಅಕ್ಕವ್ವ ಕಂಡಕ್ಟರನತ್ತ ಮುಖ ಮಾಡಿ ಕೂತಿದ್ದರು. ಬಸ್ಸು ಎಗರಿದಾಗಲೆಲ್ಲ ಒಬ್ಬರಿಗೊಬ್ಬರು ಬಡಿದು, ಮತ್ತೆ ಸರಿದು ಕೂರುತ್ತಿದ್ದರು.

ಫರೀನ ಚಾಪೆ ಹಾಸಿ ಕೂರಿಸಿ ಎಲ್ಲ ಕೇಳಿದಳು. ಅಳಲಿಲ್ಲ. ಅಕ್ಕವ್ವ ಕಾಲು ಮುಟ್ಟಲು ಬಗ್ಗಿದಾಗ ಹಿಂದೆ ಸರಿದಳು.

"ಕಾಲ ಮುಟ್ಟಬ್ಯಾಡ್ರಿ ದೊಡ್ಡವ್ವ, ನೀವ ಹಿರೇರು. ನೀವು ತತ್ತಿ ತಿಂದ್ರಿ, ಅದ ಹೋತು. ನನ್ನ ಕಳ್ಳಿ ಅಂದದ್ದ ಓಣಿ ಮಂದೆಲ್ಲಾ ಕೇಳ್ಯಾರ. ಇಲ್ಲಿ ಚಾಪಿ ಮ್ಯಾಲ ಕುಂತ ತಪ್ಪಾತು ಅಂದ್ರ ಅವರ ಕಿವಿಗೆ ಹೆಂಗ ಮುಟ್ಟತೈತಿ?" ಆಮೇಲೆ ಅತ್ತೆಯತ್ತ ತಿರುಗಿದಳು. "ನೀವೂ ಅಷ್ಟರಿ ಅತ್ತಿ. ಒಂದ ಮಾತ ನನ್ನ ಕೇಳಲಿಲ್ಲ. ಗ್ವಾಡಿ ಆಚಿಯವರನ್ನ ಕೇಳಿದ್ರಿ."

ಲಾಲಬಿ ತಲೆ ತಗ್ಗಿಸಿದಳು. ಫರೀನ ಎದ್ದು ಒಳಗೆ ಹೋದಳು. ಮುಗಿಯಿತು ಎಂದು ಇಬ್ಬರೂ ಅಂದುಕೊಳ್ಳುವಷ್ಟರಲ್ಲಿ ಚಹಾ ತಂದಿಟ್ಟಳು. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಗುರುವಾರ ಬೆಳಗ್ಗೆ ಬೋರಿಂಗಿನ ಕೈಪಂಪಿನ ಹತ್ತಿರ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಸಾಲು ನಿಂತಿದ್ದರು. ಅಕ್ಕವ್ವ ಹೋಗಿ ತನ್ನ ಕೊಡ ಕೆಳಗಿಟ್ಟಳು. ಪ್ರಾರ್ಥನೆಯಲ್ಲಿ ಅರ್ಧ ತಾಸು ತಡವರಿಸದ ನಾಲಿಗೆ ಈಗ ಒಣಗಿತ್ತು.

"ಎಲ್ಲಾರೂ ಕೇಳ್ರವಾ," ಎಂದಳು. "ಲಾಲಬಿ ಕೋಳಿ ತತ್ತಿ ಕದ್ದ ತಿಂದಾಕಿ ನಾ. ಫರೀನ ಮ್ಯಾಲ ಸುಳ್ಳ ಸಾಕ್ಷಿ ಹೇಳಿದಾಕೀನೂ ನಾ. ಆ ಹುಡಗಿದು ಎಳ್ಳಷ್ಟೂ ತಪ್ಪಿಲ್ಲ."

ಬೋರಿಂಗಿನ ಹಿಡಿಕೆ ನಿಂತಿತು. ಎಲ್ಲರಿಗಿಂತ ಮೊದಲು ಮಾತಾಡಿದವಳು ಎದುರುಮನೆಯ ಇಂದ್ರಾಬಾಯಿ.

"ಖರೇ? ಬರೇ ಬೇಸಿ ತಿಂದ್ಯೊ, ಪಲ್ಯ ಮಾಡಿದ್ಯೊ?"

"ಬೇಸಿ," ಎಂದಳು ಅಕ್ಕವ್ವ, ತಲೆ ತಗ್ಗಿಸಿ.

ಯಾರೋ ಕಿಸಕ್ಕನೆ ನಕ್ಕರು, ಯಾರೋ ಛೀ ಎಂದರು. ಒಬ್ಬಳು, ಇನ್ನು ಇವಳ ಮನೆಯ ಪ್ರಾರ್ಥನೆಗೆ ಯಾರು ಹೋಗುತ್ತಾರೆ ನೋಡೋಣ ಎಂದಳು. ಅಕ್ಕವ್ವ ಎಲ್ಲವನ್ನೂ ನಿಂತು ಕೇಳಿಸಿಕೊಂಡಳು. ಮುಖ ಸುಡುತ್ತಿತ್ತು. ಬಹಳ ದಿನಗಳ ಮೇಲೆ ಏನೋ ಚೆನ್ನಾಗಿ ನೋಯುತ್ತಿತ್ತು. ಆ ನೋವಿಗೆ ಅವಳು ಒಳಗೊಳಗೇ ಸ್ತೋತ್ರ ಹೇಳಿದಳು.

ತಲೆ ಎತ್ತಿದಾಗ ಸಾಲಿನ ಕೊನೆಯಲ್ಲಿ ಫರೀನ ಕಂಡಳು. ಹಿಂದಿನ ಸಂಜೆ ಮುಜಮ್ಮಿಲನ ಗಾಡಿಯಲ್ಲಿ ಬಂದಿದ್ದಳಂತೆ, ಅಕ್ಕವ್ವನಿಗೆ ಗೊತ್ತೇ ಇರಲಿಲ್ಲ. ಸೊಂಟದ ಮೇಲೆ ಖಾಲಿ ಕೊಡ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

ಅಕ್ಕವ್ವ ದಾರಿ ಬಿಟ್ಟು ನಿಂತಳು. "ನೀ ಮೊದಲ ತುಂಬಕೋವಾ."

"ಬ್ಯಾಡ್ರಿ ದೊಡ್ಡವ್ವ," ಎಂದಳು ಫರೀನ. "ನಿಮ್ಮ ಪಾಳಿ ಐತಿ, ನೀವ ತುಂಬ್ರಿ. ನಾ ಪಂಪ ಹೊಡೀತೀನಿ."

ಎಂದು ತನ್ನ ಕೊಡ ಕೆಳಗಿಟ್ಟು, ಬೋರಿಂಗಿನ ಹಿಡಿಕೆಗೆ ಕೈ ಹಾಕಿದಳು.